ಆಲ್ಕಲಿನಿಟಿಗೆ ‘ಕ್ಷಾರೀಯತೆ’ ಎಂಬ ಪದ ಹೊಂದುತ್ತದೆಯೇ?

ಮಾನ್ಯರೇ,

ಹವಳಗಳಿರುವ ಸಣ್ಣ ಉಪ್ಪುನೀರಿನ ಅಕ್ವೇರಿಯಂನಲ್ಲಿ ನೀರಿನ ಹದವನ್ನು ಕಾಯ್ದುಕೊಳ್ಳುವ ಬಗೆಯನ್ನು ಕನ್ನಡದಲ್ಲಿ ವಿವರಿಸಿ ಬರೆಯುತ್ತಿದ್ದೇನೆ. ಸಮುದ್ರದ ನೀರಿನ ಪ್ರತಿ ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ ಎಂಬುದನ್ನು ಹೇಳಲು ‘ಲವಣಾಂಶ’ ಸಾಕು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ಆಲ್ಕಲಿನಿಟಿಯಲ್ಲಿ, ಅಂದರೆ ಆಮ್ಲ ಸೇರಿದರೆ ಅದನ್ನು ತಾಳಿಕೊಳ್ಳುವ ನೀರಿನ ಶಕ್ತಿಯನ್ನು ಹೆಸರಿಸುವಲ್ಲಿ.

ಇದಕ್ಕೆ ಸಾಮಾನ್ಯವಾಗಿ ‘ಕ್ಷಾರೀಯತೆ’ ಎಂದೇ ಬರೆಯುತ್ತಾರೆ. ಆದರೆ ಪಿಎಚ್ 7ಕ್ಕಿಂತ ಹೆಚ್ಚಿರುವ ನೀರನ್ನೂ ನಾವು ‘ಕ್ಷಾರೀಯ’ ಎನ್ನುತ್ತೇವೆ. ದೀಪ ಆರಿದ ಮೇಲೆ ಪಾಚಿಯ ದ್ಯುತಿಸಂಶ್ಲೇಷಣೆ ನಿಂತು, ತೊಟ್ಟಿಯ ಜೀವಿಗಳೆಲ್ಲ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸೇರುವುದರಿಂದ, ಹಗಲು 8.3 ಇದ್ದ ಪಿಎಚ್ ಬೆಳಗಿನ ಜಾವಕ್ಕೆ 8.0ಕ್ಕೆ ಇಳಿಯಬಹುದು, ಆ ಅನಿಲದಿಂದ ಆಲ್ಕಲಿನಿಟಿ ಮಾತ್ರ ಬದಲಾಗುವುದಿಲ್ಲ. ಇದನ್ನು ‘ನೀರಿನ ಕ್ಷಾರೀಯ ಗುಣ ಇಳಿಯಿತು, ಕ್ಷಾರೀಯತೆ ಇಳಿಯಲಿಲ್ಲ’ ಎಂದು ಬರೆದರೆ ಓದುಗರಿಗೆ ಏನು ಅರ್ಥವಾದೀತು? ಪಿಎಚ್ ಇಳಿದುದನ್ನು ಕಂಡು ಸೋಡಾ ಸುರಿಯುತ್ತ ಹೋದವರ ತೊಟ್ಟಿಯಲ್ಲಿ ಆಲ್ಕಲಿನಿಟಿ ಮಿತಿಮೀರಿ, ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಿಂದ ಬೇರ್ಪಟ್ಟು ಹೀಟರಿನ ಮೇಲೂ ಪಂಪಿನೊಳಗೂ ಬಿಳಿಯ ಪೊರೆಯಾಗಿ ಕೂರುತ್ತದೆ. ಪದದ ಗೊಂದಲದಿಂದ ಜೀವಿಗಳಿಗೆ ತೊಂದರೆಯಾಗಬಾರದೆಂಬ ಕಾಳಜಿಯಿಂದಲೇ ಇಷ್ಟು ಬಿಡಿಸಿ ಕೇಳುತ್ತಿದ್ದೇನೆ.

ಅಳೆಯುವ ಕ್ರಮವನ್ನು ನೋಡಿದರೆ ಅರ್ಥ ತಿಳಿಯಾಗುತ್ತದೆ. ಒಂದು ಬಗೆಯ ಕಿಟ್‌ನಲ್ಲಿ ಗಾಜಿನ ನಳಿಕೆಗೆ 5 ಮಿಲಿಲೀಟರ್ ನೀರು ತೆಗೆದುಕೊಂಡು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಪ್ರತಿ ಹನಿಗೂ ನಳಿಕೆಯನ್ನು ಕುಲುಕುತ್ತ ಹೋದರೆ ಯಾವುದೋ ಒಂದು ಹನಿಗೆ ಅದು ಹಳದಿಗೆ ತಿರುಗುತ್ತದೆ. ಬಿಟ್ಟ ಹನಿಗಳ ಎಣಿಕೆಯೇ ಆಲ್ಕಲಿನಿಟಿಯ ಡಿಗ್ರಿಗಳಲ್ಲಿ (ಇದು ಉಷ್ಣತೆಯ ಡಿಗ್ರಿಯಲ್ಲ) ಉತ್ತರ. ಸಹಜ ಸಮುದ್ರದ ನೀರಿನಲ್ಲಿ ಅದು ಸುಮಾರು 7. ಹವಳದ ತೊಟ್ಟಿಗಳಲ್ಲಿ 8ರಿಂದ 9ರ ಆಸುಪಾಸಿನಲ್ಲಿ ಇಡುವವರು ಹೆಚ್ಚು. ಆ ದ್ರಾವಣದಲ್ಲಿರುವುದು ಆಮ್ಲ. ಹಾಗಾಗಿ ಇಲ್ಲಿ ಅಳೆಯುತ್ತಿರುವುದು, ನೀರು ಎಷ್ಟು ಆಮ್ಲವನ್ನು ತಾಳಿಕೊಂಡಿತು ಎಂಬುದನ್ನು.

ಇದೇ ಅಳತೆಯನ್ನು ಜರ್ಮನ್ ರೂಢಿಯನ್ನು ಅನುಸರಿಸಿ ‘ಕಾರ್ಬೊನೇಟ್ ಗಡಸುತನ’ ಎನ್ನುವುದೂ ಉಂಟು. ಅದು ನನಗೆ ಇನ್ನೂ ಅಸಮಂಜಸವಾಗಿ ಕಾಣುತ್ತದೆ. ನೀರಿನ ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅಡುಗೆ ಸೋಡಾ ಹಾಕಿದಾಗ ಇವೆರಡೂ ಸ್ವಲ್ಪವೂ ಹೆಚ್ಚುವುದಿಲ್ಲ, ಆದರೆ ಈ ಅಳತೆ ಏರುತ್ತದೆ.

ಆದ್ದರಿಂದ ‘ಆಮ್ಲತಾಳಿಕೆ’ ಎಂಬ ಪದವನ್ನು ಪರಿಶೀಲನೆಗೆ ಇಡುತ್ತಿದ್ದೇನೆ. ‘ತಾಳಿಕೆ’ಗೆ ಬಾಳಿಕೆಯ ಅರ್ಥವೂ ಇರುವುದು ನಿಜ, ಆದರೂ ಆಮ್ಲದ ಜೊತೆ ಬಂದಾಗ ತಪ್ಪರ್ಥಕ್ಕೆ ಎಡೆಯಿಲ್ಲ. ‘ಆಮ್ಲನಿರೋಧ’ ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ನೀರು ಆಮ್ಲವನ್ನು ಹೊರಗಿಡುವುದಿಲ್ಲ, ತನ್ನಲ್ಲಿನ ಬೈಕಾರ್ಬೊನೇಟನ್ನು ವ್ಯಯಿಸಿ ಅದನ್ನು ಅರಗಿಸಿಕೊಳ್ಳುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಪಠ್ಯಗಳು ಕೇರಳದಲ್ಲಿ ಸಿದ್ಧವಾಗುವುದರಿಂದ, ಅವುಗಳನ್ನು ಓದುವವರಿಗೂ ಕರ್ನಾಟಕದ ಪಠ್ಯ ಓದಿದವರಿಗೂ ಒಮ್ಮೆಗೇ ತಿಳಿಯುವ ಪದ ಬೇಕು.

ಜರ್ಮನ್ನರ ‘ಕಾಲ್ಕ್‌ವಾಸರ್’ಗೆ ಹೊಸ ಪದ ಬೇಕಿಲ್ಲ. ಸುಣ್ಣ ಕಲಸಿ, ತಳದಲ್ಲಿ ಕೂತ ಮೇಲೆ ತೆಗೆಯುವ ‘ಸುಣ್ಣದ ತಿಳಿನೀರು’ ಅದೇ. ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ಎರಡನ್ನೂ ಅದು ಒಟ್ಟಿಗೆ ಒದಗಿಸುತ್ತದೆ; ಪಿಎಚ್ 12ಕ್ಕೂ ಮೇಲಿರುವ ಕಾರಣ ಹನಿಹನಿಯಾಗಿಯೇ ಸೇರಿಸಬೇಕು.

ನಮ್ಮ ಅಡಿಕೆ ತೋಟಗಳಲ್ಲಿ ಹುಳಿ ಮಣ್ಣಿಗೆ ಸುಣ್ಣ ಹಾಕುವ ರೂಢಿಯಿದೆ. ಎಷ್ಟು ಸುಣ್ಣ ಹಾಕಿದರೂ ಹುಳಿ ಬಿಡದ ಮಣ್ಣಿಗೆ, ಅಂದರೆ ಬದಲಾವಣೆಯನ್ನು ತಡೆದುಕೊಳ್ಳುವ ಆ ಗುಣಕ್ಕೆ, ಹಿರಿಯ ಕೃಷಿಕರ ಬಾಯಲ್ಲಿ ಹೆಸರೇನಾದರೂ ಇದೆಯೇ? ಸವಳು ಭೂಮಿಯ ಒಡನಾಟವಿರುವ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರಲ್ಲಿ ಅಂತಹ ಮಾತಿದ್ದರೆ, ಬಳಸುವ ವಾಕ್ಯದ ಸಮೇತ ದಯವಿಟ್ಟು ತಿಳಿಸಬೇಕು.