ಸಮಸ್ಯೆ: ಕೊರಳು ಗಿಡ್ಡು ಜಿರಾಫೆಯಣ್ಣನಿಗೆ ನೋಡಿ

ಗೆಳೆಯರೇ, ಈ ವಾರದ ಸಮಸ್ಯೆ, ಅಂದರೆ ನೀವು ಪದ್ಯ ಮಾಡಿ ಪೂರಣ ಮಾಡಬೇಕಾದ (ತುಂಬಿಸಬೇಕಾದ) ಸಾಲು, ಮೇಲಿದೆ. ಐದು ಮಾತ್ರೆಯ ಗಣಗಳ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಕೊನೆಯ ಸಾಲು ನನ್ನದು, ಮೊದಲ ಮೂರು ನಿಮ್ಮವು. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ರಕಾರದ ಪ್ರಾಸ ಬಿಡಬೇಡಿ.

ಜಿರಾಫೆಗೆ ಗಿಡ್ಡ ಕೊರಳು ಅನ್ನೋದು ಸುಮ್ನೆ ಹೊಸೆದ ವಿರೋಧ ಅಲ್ಲ. ಶಿವಥೇರಿಯಂ ಅಂತ ಜಿರಾಫೆ ಕುಟುಂಬದ ಗಿಡ್ಡ ಕತ್ತಿನ ಒಂದು ಪ್ರಾಣಿ ಹಿಂದೆ ನಿಜವಾಗಿ ಇತ್ತು, ಅದೂ ಹಿಮಾಲಯದ ಬುಡದ ಶಿವಾಲಿಕ ಬೆಟ್ಟಗಳಲ್ಲಿ. 1836ರಲ್ಲಿ ಅದರ ತಲೆಬುರುಡೆಯನ್ನು ವಿವರಿಸಿ ಹೆಸರಿಟ್ಟವರು ಹ್ಯೂ ಫಾಲ್ಕನರ್ ಮತ್ತು ಪ್ರಾಬಿ ಕಾಟ್ಲಿ. ಒಬ್ಬರು ಸಹಾರನ್‌ಪುರದ ಸಸ್ಯತೋಟ ನೋಡಿಕೊಳ್ಳುತ್ತಿದ್ದವರು, ಇನ್ನೊಬ್ಬರು ಕಾಲುವೆ ಎಂಜಿನಿಯರ್. ಕಣ್ಣಿನ ಮೇಲೆ ಎರಡು ಸಣ್ಣ ಚೂಪು ಕೊಂಬು, ಅವುಗಳ ಹಿಂದೆ ಇನ್ನೆರಡು, ಬೆರಳು ಬಿಡಿಸಿದ ಅಂಗೈಯಂತೆ ಅಗಲವಾದವು. ಜಿಂಕೆಯ ಕೊಂಬಿನ ಹಾಗೆ ಇವು ವರ್ಷ ವರ್ಷ ಉದುರುವುದಿಲ್ಲ. ಅಣ್ಣ ಅಂದಿದ್ದು ಪ್ರೀತಿಗೆ. ಜಿರಾಫೆ ಇದರಿಂದ ಹುಟ್ಟಿಲ್ಲ, ಇದು ದಾಯಾದಿ.

ಪೂರಣ 1

ಶಿರದ ಮೇಲಿವೆ ನಾಲ್ಕು ಕೊಂಬುಗಳು ಬಲು ತೂಕ
ಹೊರಲು ಬೇಕಲ್ಲವೇ ದಪ್ಪನೆಯ ಕತ್ತು
ಮರದ ತುದಿಗೆಟುಕದಿರೆ ಏನಂತೆ ಬಲಶಾಲಿ
ಕೊರಳು ಗಿಡ್ಡು ಜಿರಾಫೆಯಣ್ಣನಿಗೆ ನೋಡಿ

ಎರಡನೇ ಪೂರಣದವರು: ಮೇಡಂ, ವಿರೋಧವನ್ನು ಬಿಡಿಸಿದ್ದು ಎರಡನೇ ಸಾಲು, ತುಂಬಾ ಇಷ್ಟವಾಯ್ತು. ಅಷ್ಟು ದೊಡ್ಡ ತಲೆ ಹೊರುವುದಕ್ಕೆ ಉದ್ದ ಕತ್ತಿಗಿಂತ ಗಟ್ಟಿ ಕತ್ತೇ ಬೇಕು, ಅಲ್ವಾ? ನಾನು ಬುರುಡೆ ಸಿಕ್ಕ ಜಾಗದಿಂದ ಶುರು ಮಾಡಿದೆ.

ಪೂರಣ 2

ಗಿರಿ ಶಿವಾಲಿಕದಲ್ಲಿ ಬಂಡೆಯಲಿ ಸಿಕ್ಕ ತಲೆ
ಸರಿಯಾಗಿ ನೋಡಿದರೆ ಆನೆಯದು ಅಲ್ಲ
ಕರುಳ ಬಳ್ಳಿ ಒಕಾಪಿ ಕಾಂಗೊ ಕಾಡೊಳಗಿಂದು
ಕೊರಳು ಗಿಡ್ಡು ಜಿರಾಫೆಯಣ್ಣನಿಗೆ ನೋಡಿ

ಸಮಸ್ಯೆ ಕೊಟ್ಟವರು: ಸರ್, ಒಕಾಪಿಯನ್ನು ತಂದಿದ್ದು ಬಹಳ ಒಳ್ಳೇದಾಯ್ತು. ಜಿರಾಫೆ ಕುಟುಂಬದಲ್ಲಿ ಇವತ್ತು ಉಳಿದಿರೋದು ಜಿರಾಫೆ ಮತ್ತು ಒಕಾಪಿ ಮಾತ್ರ, ಒಕಾಪಿಯ ಕತ್ತೂ ಉದ್ದವಿಲ್ಲ, ಹಾಗಾಗಿ ಆ ಮನೆತನದಲ್ಲಿ ವಿಚಿತ್ರ ಅನ್ನಿಸಬೇಕಾದ್ದು ಜಿರಾಫೆಯೇ. ಹಾಗಿದ್ದೂ ಜಿರಾಫೆಯ ಕತ್ತಿನಲ್ಲಿ ಇರೋದು ನಮ್ಮ ಹಾಗೆ ಏಳೇ ಮೂಳೆ, ಒಂದೊಂದೂ ಉದ್ದವಾಗಿದೆ ಅಷ್ಟೇ. ಆನೆಯ ಮಾತೂ ಸರಿಯಾಗಿ ಕೂತಿದೆ. ಶಿವಥೇರಿಯಂ ಆನೆಯಷ್ಟು ದೊಡ್ಡದು ಅಂತ ಜನ ಬಹಳ ಕಾಲ ನಂಬಿದ್ದರು, 2016ರಲ್ಲಿ ಮೂಳೆಗಳಿಂದ ಕಂಪ್ಯೂಟರಿನಲ್ಲಿ ದೇಹ ಕಟ್ಟಿ ಲೆಕ್ಕ ಹಾಕಿದಾಗ ತೂಕ ಸುಮಾರು 1,250 ಕೆ.ಜಿ. ಬಂತು. ಆನೆಗಿಂತ ಬಹಳ ಕಡಿಮೆ, ಆದರೂ ಮೆಲುಕು ಹಾಕುವ ಪ್ರಾಣಿಗೆ ಅದು ಭಾರೀ ಮೈಯೇ.

ಒಂದೇ ಕೊರತೆ: ಹಿಂದಿನ ಆ ಅಗಲ ಕೊಂಬುಗಳನ್ನು ಇನ್ನೂ ಯಾರೂ ವರ್ಣಿಸಿಲ್ಲ. ಭಾನುವಾರದವರೆಗೆ ಸಮಯ ಇದೆ, ಮೂರನೇ ಪೂರಣ ಅದರ ಮೇಲೆ ಬರಲಿ. ಕಂದಪದ್ಯ ಬರೆಯುವವರು ಕೊನೆಯ ಸಾಲನ್ನು ನಿಮ್ಮ ಛಂದಸ್ಸಿಗೆ ಹೊಂದಿಸಿಕೊಳ್ಳಿ.