‘ಲಿಂಗಸಂಬಂಧಿ’ಯೋ ‘ಲಿಂಗಲಗ್ನ’ವೋ? ಕೋಳಿಯ ಪುಕ್ಕದ ಬಣ್ಣವನ್ನು ಕುರಿತು

ಸೆಕ್ಸ್-ಲಿಂಕ್ಡ್ ಎಂಬ ಪಾರಿಭಾಷಿಕ ಪದಕ್ಕೆ ನಮ್ಮಲ್ಲಿ ‘ಲಿಂಗಸಂಬಂಧಿ’ ಎಂದು ಬರೆಯುವುದುಂಟು. ಕೋಳಿಗಳ ಪುಕ್ಕದ ಬಣ್ಣ ಮರಿಗಳಿಗೆ ಇಳಿದುಬರುವ ಬಗೆಯನ್ನು ವಿವರಿಸುವಾಗ ಈ ಪದ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನುಮಾನ.

ಹುಂಜದ ಕತ್ತಿನ ಮೇಲಿನ ಹೊಳಪಿನ ಗರಿಗಳೂ ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಗರಿಗಳೂ ಹೇಂಟೆಗೆ ಇರುವುದಿಲ್ಲ. ‘ಲಿಂಗಸಂಬಂಧಿ’ ಎಂದೊಡನೆ ಓದುಗರಿಗೆ ಹೊಳೆಯುವುದು ಇಂಥದ್ದೇ. ಆದರೆ ಈ ವ್ಯತ್ಯಾಸ ಹೇಂಟೆಯ ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಕೆಲಸ. ಅಂಡಾಶಯವನ್ನು ತೆಗೆದುಬಿಟ್ಟರೆ ಹೇಂಟೆಗೂ ಹುಂಜದಂಥ ಗರಿಗಳೇ ಮೂಡುತ್ತವೆ. ತಳಿವಿಜ್ಞಾನದ ಪದಕ್ಕೆ ಇರುವ ಅರ್ಥವಾದರೋ ಇಷ್ಟೇ: ಆ ಗುಣದ ಜೀನ್ ಲಿಂಗ ವರ್ಣತಂತುವಿನ, ಅಂದರೆ ಹೆಣ್ಣು-ಗಂಡನ್ನು ನಿರ್ಧರಿಸುವ ಕ್ರೋಮೋಸೋಮಿನ, ಮೇಲೆ ಕುಳಿತಿದೆ.

ಹುಂಜಕ್ಕೆ ಎರಡು ಝಡ್ ವರ್ಣತಂತುಗಳು. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಗರಿಗೆ ಅಡ್ಡಪಟ್ಟೆ ಕೊಡುವ ಪ್ರಬಲ ಜೀನ್ (ಒಂದೇ ಪ್ರತಿ ಇದ್ದರೂ ಗುಣ ತೋರುವಂಥದ್ದು) ಝಡ್‌ನ ಮೇಲಿದೆ. ಪಟ್ಟೆಯಿಲ್ಲದ ರೋಡ್ ಐಲೆಂಡ್ ರೆಡ್ ತಳಿಯ ಹುಂಜವನ್ನು ಪಟ್ಟೆಯುಳ್ಳ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದಿಗೆ ಕೂಡಿಸಿದರೆ, ತಾಯಿಯ ಒಂದೇ ಝಡ್ ಗಂಡುಮರಿಗಳಿಗೆ ಮಾತ್ರ ಹೋಗುವುದರಿಂದ ಪಟ್ಟೆ ಅವುಗಳ ಪಾಲಾಗುತ್ತದೆ. ಮೊಟ್ಟೆಯೊಡೆದ ದಿನ ಎಲ್ಲ ಮರಿಗಳ ತುಪ್ಪುಳೂ ಕಪ್ಪೇ. ಗಂಡಿನ ನೆತ್ತಿಯಲ್ಲಿ ಮಾತ್ರ ಬಿಳಿಯ ಬೊಟ್ಟು. ಅದೇ ಶುದ್ಧ ತಳಿಯ ಪಟ್ಟೆಯ ಹುಂಜವನ್ನು ಪಟ್ಟೆಯಿಲ್ಲದ ಹೇಂಟೆಗೆ ಬಿಟ್ಟರೆ ಹೆಣ್ಣು, ಗಂಡು ಎರಡಕ್ಕೂ ಪಟ್ಟೆ ಬರುತ್ತದೆ. ಅಂದಮೇಲೆ ಪಟ್ಟೆ ಯಾವ ಲಿಂಗದ ಸ್ವತ್ತೂ ಅಲ್ಲ. ಹೊಂಬಣ್ಣದ ಹುಂಜಕ್ಕೂ ಬೆಳ್ಳಿಬಣ್ಣದ ಹೇಂಟೆಗೂ ಹುಟ್ಟಿದ ಮರಿಗಳಲ್ಲಿ ಹೆಣ್ಣು ಹೊಂಬಣ್ಣ, ಗಂಡು ಬೆಳ್ಳಿಬಣ್ಣ ಪಡೆಯುವುದೂ ಹೀಗೆಯೇ.

ಆದ್ದರಿಂದ ‘ಅಂಟಿಕೊಂಡ’ ಎಂಬ ಅರ್ಥ ಬರುವಂತೆ ‘ಲಿಂಗಲಗ್ನ’ ಎನ್ನಬಹುದೇ? ಮದುವೆಯ ಲಗ್ನ ನಡುವೆ ಬಂದು ನಗೆಪಾಟಲಾಗುವ ಭಯವೂ ಇದೆ. ‘ಲಿಂಗಬದ್ಧ’ ಎಂದರೆ ಒಂದೇ ಲಿಂಗಕ್ಕೆ ಕಟ್ಟುಬಿದ್ದದ್ದು ಎಂಬ ಧ್ವನಿ ಬಂದು, ‘ಲಿಂಗಸೀಮಿತ’ (ಒಂದೇ ಲಿಂಗದಲ್ಲಿ ಮಾತ್ರ ಪ್ರಕಟವಾಗುವ ಗುಣ) ಎಂಬ ಬೇರೊಂದು ಪರಿಕಲ್ಪನೆಯೊಡನೆ ಗೊಂದಲವಾಗುತ್ತದೆ. ಉದ್ದವಾದರೂ ‘ಲಿಂಗತಂತುಸ್ಥ’ ಎಂಬುದೇ ನನಗೆ ಹೆಚ್ಚು ನಿಖರವೆನಿಸುತ್ತದೆ. ಇದಕ್ಕಿಂತ ಸಲೀಸಾದ ರೂಪ ಯಾರ ಬಳಕೆಯಲ್ಲಾದರೂ ಇದ್ದರೆ ದಯವಿಟ್ಟು ಪ್ರಯೋಗದೊಂದಿಗೆ ತಿಳಿಸಬೇಕು.