ಗಂಗಾವತಿಯ ಎರೆಮಣ್ಣಿನಲ್ಲಿ ಚಳಿಗಾಲದ ತರಕಾರಿ: ಯಾವುದನ್ನು, ಯಾವಾಗ ಹಾಕಬೇಕು?

ಪ್ರಶ್ನೆ: ಖಾಲಿ ನಿವೇಶನದ ತೋಟ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಪಕ್ಕದಲ್ಲಿರುವ 30×40ರ ಖಾಲಿ ನಿವೇಶನವನ್ನು, ತಾವು ಮನೆ ಕಟ್ಟಿಸುವವರೆಗೆ ತರಕಾರಿ ಬೆಳೆದುಕೊಳ್ಳಿರೆಂದು ಅದರ ಮಾಲೀಕರು ನಮಗೂ ಎದುರುಮನೆಯವರಿಗೂ ಬಿಟ್ಟುಕೊಟ್ಟಿದ್ದಾರೆ. ಒಂದು ಗುಂಟೆಗಿಂತ ತುಸು ಹೆಚ್ಚಿರುವ ಈ ಜಾಗದಲ್ಲಿ ಜಾಲಿ ಕಡಿಸಿ, ಕಲ್ಲು ಆರಿಸಿ, ನೆಲ ಅಗೆಸಿ, ತಿಪ್ಪೆಗೊಬ್ಬರ ಹಾಕಿಸಿದ್ದೇವೆ. ಮಣ್ಣು ಅಪ್ಪಟ ಎರೆ. ನೀರು ಬೋರ್‌ವೆಲ್‌ನದು, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದೆ, ಮತ್ತು ಮಳೆ ನಿಂತು ನೆಲ ಒಣಗಿದ ಮೇಲೆ ನಿವೇಶನದ ತಗ್ಗಿನ ಮೂಲೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪುಡಿ ಕಾಣಿಸುತ್ತದೆ.

ಹೂಕೋಸು, ಎಲೆಕೋಸು, ಗಜ್ಜರಿ, ಬೀಟ್‌ರೂಟ್, ಬಟಾಣಿ ಮತ್ತು ಸೊಪ್ಪುಗಳನ್ನು ಬೆಳೆಯಬೇಕೆಂಬುದು ನಮ್ಮ ಆಸೆ. ಆದರೆ ಓದಲು ಸಿಗುವ ಬಿತ್ತನೆ ವೇಳಾಪಟ್ಟಿಗಳೆಲ್ಲ ಉತ್ತರ ಭಾರತದವು ಅಥವಾ ಬೆಂಗಳೂರಿನ ಕಡೆಯವು. ಡಿಸೆಂಬರಿನ ಮಧ್ಯಾಹ್ನವೂ 30 ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮ ಊರಿಗೆ ಅವು ಹೊಂದುವವೇ? ಈಗ ಚಿತ್ತಿ ಮಳೆ (ಅಕ್ಟೋಬರ್ ಮಧ್ಯಭಾಗ) ನಡೆದಿದೆ. ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಎಡದಂಡೆ ರೈತ, ಸಿಂಧನೂರು

ತಳಿ, ತಿಥಿಗಳ ವಿಚಾರಕ್ಕೆ ಮೊದಲು ಆ ಬಿಳಿ ಪುಡಿಯ ವಿಚಾರ ಇತ್ಯರ್ಥವಾಗಬೇಕು. ಅದು ಸವಳು. ತುಂಗಭದ್ರಾ ಅಚ್ಚುಕಟ್ಟಿನ ತಗ್ಗು ಎರೆಭೂಮಿಗಳಲ್ಲಿ ನೀರು ಬಸಿಯದೆ ನಿಂತು, ಆರುವಾಗ ಒಳಗಿನ ಲವಣವನ್ನು ಮೇಲಕ್ಕೆ ಎಳೆದು ತಂದು ಬಿಟ್ಟುಹೋಗುವುದನ್ನು ನಾವು ದಶಕಗಳಿಂದ ನೋಡುತ್ತಿದ್ದೇವೆ. ತಮ್ಮ ನಿವೇಶನದಲ್ಲಿ ಅದಕ್ಕೆ ಬೋರ್‌ವೆಲ್ ನೀರಿನ ಉಪ್ಪೂ ಸೇರಿಕೊಳ್ಳುತ್ತಿದೆ.

ಎಲ್ಲ ತರಕಾರಿಗಳೂ ಉಪ್ಪನ್ನು ಒಂದೇ ರೀತಿ ತಾಳಿಕೊಳ್ಳುವುದಿಲ್ಲ. ಮಣ್ಣಿನ ಉಪ್ಪನ್ನು ಅಳೆಯುವ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮನ್ಸ್ ದಾಟಿದೊಡನೆ ಗಜ್ಜರಿ ಮತ್ತು ಬೀನ್ಸಿನ ಇಳುವರಿ ಇಳಿಯತೊಡಗುತ್ತದೆ. ಉಳ್ಳಾಗಡ್ಡಿ ಮತ್ತು ಮೂಲಂಗಿಗಳ ಮಿತಿ ಸುಮಾರು 1.2, ಎಲೆಕೋಸಿನದು 1.8, ಬೀಟ್‌ರೂಟಿನದು 4. ನಾವು ಪಾಲಕ್ ಎಂದು ಕೊಯ್ದು ತಿನ್ನುವ ಸೊಪ್ಪು ಬೀಟ್‌ರೂಟಿನ ಕುಲದ್ದೇ ಆದ್ದರಿಂದ ಅದೂ ಸವಳಿಗೆ ಬೇಗ ಸೋಲುವುದಿಲ್ಲ. ಹೀಗಾಗಿ ತಗ್ಗಿನ ಮೂಲೆಗೆ ಬೀಟ್‌ರೂಟ್ ಮತ್ತು ಪಾಲಕ್, ನಡುವಿನ ಜಾಗಕ್ಕೆ ಕೋಸು, ಎಲ್ಲಕ್ಕಿಂತ ಎತ್ತರದ ಭಾಗಕ್ಕೆ ಗಜ್ಜರಿ ಮತ್ತು ಮೂಲಂಗಿ ಎಂದು ಹಂಚಿಕೊಳ್ಳುವುದು ಲೇಸು.

ಸಾಲು ಮಾಡುವ ಬಗೆಯೂ ಇಲ್ಲಿ ಮುಖ್ಯ. ಬೋದು (ಸಾಲುಗಳ ನಡುವಿನ ಮಣ್ಣಿನ ದಿಂಡು) ಏರಿಸಿ ಸಾಲಿನಲ್ಲಿ ನೀರು ಹಾಯಿಸಿದಾಗ ತೇವವು ಎರಡೂ ಕಡೆಯಿಂದ ಬೋದಿನ ನೆತ್ತಿಗೆ ಏರಿ ಆರುತ್ತದೆ, ಉಪ್ಪೆಲ್ಲ ಅಲ್ಲಿಯೇ ಶೇಖರವಾಗುತ್ತದೆ. ಆದ್ದರಿಂದ ಅಗಿಯನ್ನು (ನಾಟಿಯ ಸಸಿಯನ್ನು) ನೆತ್ತಿಯ ಮೇಲೆ ನೆಡದೆ, ಬೋದಿನ ಇಳಿಜಾರಿನಲ್ಲಿ, ನೀರು ಮುಟ್ಟುವ ಮಟ್ಟಕ್ಕಿಂತ ತುಸು ಮೇಲೆ ನೆಡಬೇಕು. ದಿನವೂ ಚೂರುಚೂರು ನೀರು ಚಿಮುಕಿಸಿದರೆ ಉಪ್ಪು ಬೇರಿನ ಮಟ್ಟದಲ್ಲಿಯೇ ಉಳಿಯುತ್ತದೆ. ಬೇರು ಹಿಡಿದ ಮೇಲೆ ನೀರಿನ ಅಂತರ ಹೆಚ್ಚಿಸಿ, ಕೊಡುವಾಗ ಆಳಕ್ಕೆ ಇಳಿಯುವಂತೆ ಕೊಡಿ, ಜೊತೆಗೆ ತಗ್ಗಿನ ಕಡೆ ಒಂದು ಬಸಿಗಾಲುವೆ ತೆಗೆದಿರಲಿ. ಗಂಗಾವತಿಯಲ್ಲಿ ಭತ್ತದ ಹುಲ್ಲಿಗೇನು ಬರವೇ? ಅದನ್ನು ಗಿಡಗಳ ನಡುವೆ ನಾಲ್ಕು ಬೆರಳು ದಪ್ಪಕ್ಕೆ ಹಾಸಿದರೆ ತೇವ ಆರುವುದೂ ಉಪ್ಪು ಮೇಲೇರುವುದೂ ಕಡಿಮೆಯಾಗುತ್ತದೆ. ಒಲೆಯ ಬೂದಿಯನ್ನು ಮಾತ್ರ ಸುರಿಯಬೇಡಿ, ಅದು ಕ್ಷಾರವನ್ನು ಹೆಚ್ಚಿಸುತ್ತದೆ. ಜಿಪ್ಸಮ್ ಹಾಕಿರೆಂದು ಯಾರಾದರೂ ಹೇಳಿಯಾರು. ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ ಅದು ಮದ್ದೇ ಹೌದು, ಆದರೆ ಬರೀ ಲವಣವಿರುವ ಮಣ್ಣಿಗೆ ಉಪಯೋಗವಿಲ್ಲ. ಪರೀಕ್ಷೆ ಮಾಡಿಸದೆ ಹಣ ಖರ್ಚು ಮಾಡುವುದು ಬೇಡ.

ಉತ್ತರ: ಕೋಸಿನ ಮಡಿ, ಬಳ್ಳಾರಿ

ಮೇಲಿನವರು ಮಣ್ಣಿನ ವಿಚಾರವನ್ನು ಸರಿಯಾಗಿ ಹೇಳಿದ್ದಾರೆ. ನಾನು ಹೂಕೋಸಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚು ಜನ ನಿರಾಶರಾಗುವುದು ಅದರಲ್ಲಿಯೇ.

ಹೂಕೋಸು ಹೂ ಕಟ್ಟಲು ಒಂದೊಂದು ಗುಂಪಿನ ತಳಿಗೆ ಒಂದೊಂದು ಉಷ್ಣಾಂಶ ಬೇಕು. ಪೂಸಾ ಮೇಘನಾ, ಪೂಸಾ ದೀಪಾಲಿಯಂತಹ ಬೇಗ ಬರುವ ತಳಿಗಳಿಗೆ 20ರಿಂದ 27 ಡಿಗ್ರಿ ಸಾಕು. ಸ್ನೋಬಾಲ್ ಗುಂಪಿನ ತಡವಾದ ತಳಿಗಳು 10ರಿಂದ 16 ಡಿಗ್ರಿ ಕೇಳುತ್ತವೆ. ಅಂತಹ ಚಳಿ ನಮ್ಮಲ್ಲಿ ಬೆಳಗಿನ ಜಾವ ಬಂದರೂ ಹೊತ್ತೇರಿದೊಡನೆ ಹೊರಟುಹೋಗುವುದರಿಂದ, ಸ್ನೋಬಾಲ್ ಹಾಕಿದವರಿಗೆ ಮೊಣಕಾಲೆತ್ತರದ ಎಲೆ ಸಿಗುತ್ತದೆಯೇ ಹೊರತು ಹೂವಲ್ಲ. ಅಂಗಡಿಯವರು ‘ಒಳ್ಳೆಯ ಹೂಕೋಸು’ ಎಂದಷ್ಟೇ ಹೇಳಿ ಕೊಡುವ ಪೊಟ್ಟಣವನ್ನು ಒಯ್ಯದೆ, ತಳಿ ಯಾವ ಹಂಗಾಮಿನದೆಂದು ಕೇಳಿ ಒಯ್ಯಿರಿ.

ಎರಡನೆಯದು ಅಗಿಯ ವಯಸ್ಸು. 25ರಿಂದ 30 ದಿನದ ಅಗಿಯೇ ಯೋಗ್ಯ. ಟ್ರೇಯಲ್ಲಿಯೇ ಬಲಿತು ಕಾಂಡ ಗಟ್ಟಿಯಾದ ಅಗಿಯನ್ನು ನೆಟ್ಟರೆ, ಅಥವಾ ನೆಟ್ಟ ಹೊಸದರಲ್ಲಿ ಸಾರಜನಕದ ಕೊರತೆಯಾದರೆ, ಗಿಡ ಬೆಳೆಯುವುದಕ್ಕೆ ಮೊದಲೇ ನಿಂಬೆಹಣ್ಣಿನ ಗಾತ್ರದ ಹೂ ಬಿಟ್ಟು ಅಲ್ಲಿಗೇ ನಿಲ್ಲುತ್ತದೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಬಿಸಿಲು ಏರುವುದರಿಂದ ಸ್ವಾತಿ ಮಳೆಯೊಳಗೆ (ನವೆಂಬರ್ ಮೊದಲ ವಾರದೊಳಗೆ) ನಾಟಿ ಮುಗಿದಿರಬೇಕು. ಈಗ ಬೀಜ ಚೆಲ್ಲಿ ಕಾಯುವ ಬದಲು ನರ್ಸರಿಯ ಅಗಿ ತಂದು ನೆಡುವುದು ವಾಸಿ. ಎಲೆಕೋಸಿಗೆ ಗೋಲ್ಡನ್ ಏಕರ್ ಸಾಕು. ಗಡ್ಡೆ ಚಿಕ್ಕದು, ಆದರೆ ಬೇಗ ಕೈಗೆ ಬರುತ್ತದೆ.

ಎಲೆಕೋಸಿನ ದೊಡ್ಡ ಶತ್ರು ಡೈಮಂಡ್ ಬ್ಯಾಕ್ ಪತಂಗ. ಎಲೆಯ ಕೆಳಭಾಗದಲ್ಲಿ ಸಣ್ಣ ಹಸಿರು ಹುಳು ಇರುತ್ತದೆ, ಮುಟ್ಟಿದೊಡನೆ ಮೈ ತಿರುಚಿ ನೂಲು ಬಿಟ್ಟುಕೊಂಡು ಕೆಳಗೆ ಜೋತು ಬೀಳುತ್ತದೆ. ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಹಾಕಿ ಈ ಪತಂಗವನ್ನು ಅತ್ತ ಸೆಳೆಯುವ ಪದ್ಧತಿಯೊಂದಿದೆ: ಮೊದಲ ಸಾಲನ್ನು ನಾಟಿಗೆ 15 ದಿನ ಮೊದಲು, ಎರಡನೆಯದನ್ನು ನಾಟಿಯಾದ 25 ದಿನಕ್ಕೆ ಬಿತ್ತುತ್ತಾರೆ. ತಮ್ಮಷ್ಟು ಚಿಕ್ಕ ಜಾಗದಲ್ಲಿ ಮಡಿಯ ಅಂಚಿಗೆ ಸಾಸಿವೆ ಚೆಲ್ಲಿ, ಅದರ ಮೇಲೆ ಹುಳು ಕಂಡಾಗ ಬೇವಿನ ಬೀಜದ ಕಷಾಯ ಹೊಡೆದರೆ ಸಾಕಾದೀತು. ಲೀಟರ್ ನೀರಿಗೆ 40 ಗ್ರಾಂ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಮರುದಿನ ಸೋಸಿ, ಇಳಿಹೊತ್ತಿನಲ್ಲಿ ಸಿಂಪಡಿಸಬೇಕು.

ಉತ್ತರ: ಮಸಾರಿ ಹೊಲ, ಕೊಪ್ಪಳ

ಬಟಾಣಿಯನ್ನು ಬಿಟ್ಟುಬಿಡಿ. ಹೂ ಬಿಡುವ ಹೊತ್ತಿಗೆ ಬಿಸಿಲು ತಗುಲಿದರೆ ಹೂ ಉದುರುತ್ತದೆ, ಬದುಕಿದ ಗಿಡಕ್ಕೆ ಬೂದಿ ರೋಗ ಬರುತ್ತದೆ. ಮೂಲಂಗಿಗೆ ಬಿಸಿ ತಾಳುವ ಪೂಸಾ ಚೇತ್ಕಿ ತನ್ನಿ, 40–45 ದಿನಕ್ಕೆ ಕೀಳಬಹುದು. ಗಜ್ಜರಿಯ ಮಡಿಗೆ ಮರಳು ಮತ್ತು ಪೂರ್ತಿ ಕಳಿತ ಗೊಬ್ಬರ ಬೇಕು. ಹಸಿ ಗೊಬ್ಬರ ಬಿದ್ದರೆ ಬೇರು ಕವಲೊಡೆಯುತ್ತದೆ.

ಸೊಪ್ಪುಗಳನ್ನು ಒಮ್ಮೆಲೇ ಬಿತ್ತದೆ ಹತ್ತು ಹನ್ನೆರಡು ದಿನಕ್ಕೊಂದು ಮಡಿಯಂತೆ ಬಿತ್ತುವುದು ಒಳ್ಳೆಯದು. ಕೊತ್ತಂಬರಿ ಬೀಜವನ್ನು ಇಟ್ಟಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಕೊಳ್ಳಿ, ಸಂಕ್ರಾಂತಿಯ ನಂತರ ಬಿತ್ತಬೇಡಿ. ಸೊಪ್ಪಾಗದೆ ಹೂವಿಗೆ ಏಳುತ್ತದೆ. ಒಂದು ಮೂಲೆಯಲ್ಲಿ ಹಕ್ಕರಕಿಯೂ ಇರಲಿ. ಎಳ್ಳ ಅಮಾವಾಸ್ಯೆಯ ಊಟಕ್ಕೆ ಸಜ್ಜೆ ರೊಟ್ಟಿಯ ಜೊತೆ ಹಸಿ ಹಕ್ಕರಕಿ, ಹಸಿ ಮೆಂತೆ ಇಲ್ಲದಿದ್ದರೆ ಹೇಗೆ?

ಪ್ರಶ್ನೆ ಕೇಳಿದವರು: ಖಾಲಿ ನಿವೇಶನದ ತೋಟ, ಗಂಗಾವತಿ

ಎಲ್ಲರಿಗೂ ಅನಂತ ಧನ್ಯವಾದಗಳು. ಬಟಾಣಿಯ ಆಸೆ ಬಿಟ್ಟೆವು. ಮಣ್ಣು ಮತ್ತು ನೀರನ್ನು ಪರೀಕ್ಷೆಗೆ ಕೊಡುವುದು ಹೇಗೆ, ಎಲ್ಲಿ ವಿಚಾರಿಸಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾದೀತು.

ಉತ್ತರ: ಎಡದಂಡೆ ರೈತ, ಸಿಂಧನೂರು

ತಾವು ದೂರ ಹೋಗಬೇಕಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಎರಡೂ ಗಂಗಾವತಿಯಲ್ಲಿಯೇ ಇವೆ, ಮತ್ತು ಸವಳು ಮಣ್ಣಿನ ಅಧ್ಯಯನ ಅಲ್ಲಿನ ಮುಖ್ಯ ಕೆಲಸಗಳಲ್ಲೊಂದು. ಮೊದಲು ಅಲ್ಲಿ ವಿಚಾರಿಸಿ. ಮೇಲಿನ ಕಸ ಸರಿಸಿ, ಐದಾರು ಕಡೆ ಅರ್ಧ ಅಡಿ ಆಳಕ್ಕೆ ‘ವಿ’ ಆಕಾರದ ಗುಣಿ ತೋಡಿ, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಬೇಕು. ಬಿಳಿ ಪುಡಿ ಇರುವ ಮೂಲೆಯ ಮಣ್ಣನ್ನು ಇದರೊಡನೆ ಬೆರೆಸದೆ ಬೇರೆ ಚೀಲದಲ್ಲಿ ಹಾಕಿ ಗುರುತು ಬರೆಯಿರಿ. ನೀರಿಗಾಗಿ ಮೋಟಾರನ್ನು ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಬರುವ ನೀರಿನಿಂದಲೇ ಬಾಟಲಿಯನ್ನು ತೊಳೆದು ತುಂಬಿಸಿಕೊಳ್ಳಿ.